ಅಭಿಮಾನಿಯ ಕಿವಿ

ಮುಗಿದುಹೋದ ಹಾಸ್ಯ ಧಾರಾವಾಹಿಯೊಂದು ಮತ್ತೆ ಬರುತ್ತಿದೆ ಎಂದಾಗ ಅದರ ಅಭಿಮಾನಿಗಳು ಎರಡು ಸಲ ಬಾಯಿಬಿಡುತ್ತಾರೆ. ಸುದ್ದಿ ಹೊರಬಿದ್ದ ದಿನ ಒಂದು ಸಲ, ಮೊದಲ ಕಂತು ನೋಡಿದ ರಾತ್ರಿ ಇನ್ನೊಂದು ಸಲ. ಮೊದಲ ಸಲ ಖುಷಿಯ ಜೊತೆ ಬೇಡಿಕೆಗಳ ಪಟ್ಟಿಯೂ ಇರುತ್ತದೆ: ಹಳೆಯ ನಟರೆಲ್ಲ ಇರಬೇಕು, ಅದೇ ಮನೆ, ಅದೇ ಸೋಫಾ ಇರಬೇಕು, ಅರ್ಧಕ್ಕೆ ನಿಂತ ಪ್ರೇಮ ಈಗಲಾದರೂ ದಡ ಸೇರಬೇಕು. ಎರಡನೆಯ ಸಲದ ಮಾತು ಬಹಳ ಚಿಕ್ಕದು. ‘ಎಲ್ಲಾ ಇದೆ, ಆದ್ರೂ ಇದು ಅದಲ್ಲ’ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ತಡವರಿಸುತ್ತಾರೆ. ಟೀವಿಯ ಬಗ್ಗೆ ಬರೆಯುವವರಲ್ಲಿ ಹಲವರು ಈ ಎರಡನ್ನೂ ಹಳೆಯದಕ್ಕೆ ಜೋತುಬಿದ್ದವರ ಗೊಣಗಾಟವೆಂದು ಒಂದೇ ಗಂಟು ಕಟ್ಟಿ ಬದಿಗಿಡುತ್ತಾರೆ. ನನಗೆ ಅದು ಅನ್ಯಾಯವೆನ್ನಿಸುತ್ತದೆ. ಮುಂದೆ ಕಥೆ ಏನಾಗಬೇಕು ಎಂಬ ವಿಷಯದಲ್ಲಿ ಅಭಿಮಾನಿಗಳ ಸಲಹೆಯನ್ನು ನಂಬಬೇಕಾಗಿಲ್ಲ. ಆದರೆ ಮಾತಿನ ಲಯ ಕೆಟ್ಟಿದೆ ಎಂದು ಅವರ ಕಿವಿಗೆ ಅನ್ನಿಸಿದರೆ ಆ ತೀರ್ಪನ್ನು ನಾನು ಬೇರೆ ಯಾರ ತೀರ್ಪಿಗಿಂತಲೂ ಹೆಚ್ಚು ನಂಬುತ್ತೇನೆ. ಮರಳಿ ಬಂದ ಸಿಟ್‌ಕಾಮ್‌ಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಈ ನಂಬಿಕೆ ಗಟ್ಟಿಯಾಗಿದೆ.

ಸಿಟ್‌ಕಾಮನ್ನು ಜನ ಸಿನಿಮಾದ ಹಾಗೆ ನೋಡುವುದಿಲ್ಲ. ಚಪಾತಿ ಲಟ್ಟಿಸುತ್ತ, ಒಣಗಿದ ಬಟ್ಟೆ ಮಡಚುತ್ತ, ಮಗುವಿನ ಹೋಂವರ್ಕಿನ ಮೇಲೆ ಒಂದು ಕಣ್ಣಿಟ್ಟು, ಅದನ್ನು ಕೇಳುತ್ತಾರೆ. ಒಂದೇ ಕಂತು ಮೊದಲು ವಾಹಿನಿಯಲ್ಲಿ, ಆಮೇಲೆ ಮರುಪ್ರಸಾರದಲ್ಲಿ, ಆಮೇಲೆ ಯೂಟ್ಯೂಬ್‌ನಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಯಾವ ಮಾತಾದ ಮೇಲೆ ಎಷ್ಟು ಹೊತ್ತು ಮೌನ, ಆ ಮೌನದಲ್ಲಿ ಯಾರು ಯಾರ ಕಡೆ ತಿರುಗುತ್ತಾರೆ, ನಗೆ ಎಲ್ಲಿ ಏರಿ ಎಲ್ಲಿ ತಗ್ಗುತ್ತದೆ ಎಂಬುದೆಲ್ಲ ಬಾಯಿಪಾಠವಾಗುತ್ತದೆ. ಪ್ರಸಂಗವೆಲ್ಲ ಗೊತ್ತಿದ್ದೂ ಬೆಳಗಿನವರೆಗೆ ಕೂತು ಯಕ್ಷಗಾನ ನೋಡುವವರು ಭಾಗವತರ ಪದ ಎಲ್ಲಿ ಒಂದಿಷ್ಟು ಜಾರಿತೆಂದು ತಕ್ಷಣ ಹಿಡಿಯುತ್ತಾರಲ್ಲ, ಅಂಥ ಕಿವಿ ಇದು. ಕಥೆಯಲ್ಲಿ ಮುಂದೇನು ಎಂಬ ಕುತೂಹಲ ತೀರಿದ ಮೇಲೂ ಉಳಿಯುವ ಸುಖ ಅಲ್ಲಿಯದು. ಆದ್ದರಿಂದ ಧಾರಾವಾಹಿ ಮರಳಿ ಬಂದಾಗ ಮೊದಲು ಪರೀಕ್ಷೆಗೆ ಒಳಗಾಗುವುದೂ ಅದೇ.

‘ಸಾರಾಭಾಯ್ ವರ್ಸಸ್ ಸಾರಾಭಾಯ್’ 2004ರಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಶುರುವಾಗಿ 2006ರಲ್ಲಿ ನಿಂತಿತು. ನಿಂತಾಗ ಅದಕ್ಕೆ ಹೇಳಿಕೊಳ್ಳುವಂಥ ಟಿಆರ್‌ಪಿ ಇರಲಿಲ್ಲ. ಅದರ ಬಳಗ ಬೆಳೆದದ್ದೆಲ್ಲ ಆಮೇಲೆ, ಮರುಪ್ರಸಾರದಿಂದ ಮತ್ತು ಇಂಟರ್‌ನೆಟ್‌ನಿಂದ. ಮುಂಬೈಯ ಕಫ್ ಪರೇಡಿನ ಸಿರಿವಂತ ಮನೆ. ಅತ್ತೆ ಮಾಯಾ, ಸೊಸೆ ಮೋನಿಷಾ. ಸೊಸೆಯ ಹುಟ್ಟುಹೆಸರು ಮನೀಷಾ. ಅದು ತೀರಾ ‘ಮಿಡಲ್ ಕ್ಲಾಸ್’ ಎನ್ನಿಸಿ ಅತ್ತೆಯೇ ಅದನ್ನು ಮೋನಿಷಾ ಎಂದು ತಿದ್ದಿದ್ದಾಳೆ. ಕಥೆ ಎಂದರೆ ಇಷ್ಟೇ: ಸೊಸೆ ಒಂದು ಸಾಮಾನ್ಯ ಕೆಲಸ ಮಾಡುತ್ತಾಳೆ, ಅತ್ತೆಗೆ ಅದು ಸಹಿಸುವುದಿಲ್ಲ, ಮಾವ ಇಂದ್ರವದನ ಸೊಸೆಯ ಪಕ್ಷ ವಹಿಸಿ ಹೆಂಡತಿಯನ್ನು ಕೆಣಕುತ್ತಾನೆ.

ಮಾಯಾ ಪಾತ್ರದಲ್ಲಿ ರತ್ನಾ ಪಾಠಕ್ ಶಾ ಎಂದೂ ದನಿ ಏರಿಸುವುದಿಲ್ಲ. ‘ಮೋನಿಷಾ ಬೇಟಾ’ ಎಂದು ಜೇನಿನಂಥ ದನಿಯಲ್ಲಿ ಶುರು ಮಾಡಿ, ಒಂದು ಉದ್ದನೆಯ ವಾಕ್ಯವನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ, ಕೊನೆಯ ಮೆಟ್ಟಿಲಲ್ಲಿ ಆ ‘ಮಿಡಲ್ ಕ್ಲಾಸ್’ ಎಂಬ ತೀರ್ಪನ್ನು ಇಡುತ್ತಾರೆ. ಅದಾದ ಮೇಲೆ ಒಂದು ಕ್ಷಣ. ಆ ಕ್ಷಣದಲ್ಲಿ ಇಂದ್ರವದನನಾಗಿ ಸತೀಶ್ ಶಾ ಪೇಪರಿನಿಂದ ತಲೆಯೆತ್ತಿದರೆ ಸಾಕು, ಬರಲಿರುವ ಮಾತಿಗೆ ನಾವು ಅದಾಗಲೇ ಅರ್ಧ ನಕ್ಕಿರುತ್ತೇವೆ. ಬೈಗುಳ ಅಷ್ಟು ಸಾವಧಾನವಾಗಿ, ಅಷ್ಟು ಅಲಂಕಾರವಾಗಿ ಬರುವುದರಿಂದಲೇ ಅದರ ಕ್ರೌರ್ಯ ನಗುವಾಗಿ ತಿರುಗುತ್ತದೆ. ಆತಿಶ್ ಕಪಾಡಿಯಾ ಅವರ ಬರವಣಿಗೆ, ದೇವೇನ್ ಭೋಜಾನಿ ಅವರ ನಿರ್ದೇಶನ ಎರಡೂ ಈ ತಾಳ್ಮೆಯ ಮೇಲೆ ನಿಂತಿದ್ದವು.

2017ರ ಮೇ ತಿಂಗಳಲ್ಲಿ ಇದರ ಎರಡನೆಯ ಅವತಾರ ಹಾಟ್‌ಸ್ಟಾರ್‌ಗೆ ಬಂತು. ಅಭಿಮಾನಿಗಳು ಕೇಳಿದ್ದೆಲ್ಲ ಸಿಕ್ಕಿತ್ತು. ಅದೇ ಲೇಖಕ, ಅದೇ ನಿರ್ದೇಶಕ, ಮುಖ್ಯ ನಟರೆಲ್ಲ ಅವರೇ. ಸಾಲದೆಂದು ಮೋನಿಷಾ ಮತ್ತು ಗಂಡ ಸಾಹಿಲ್‌ಗೆ ಒಬ್ಬ ಮಗ, ಕವಿ ರೋಸೇಶನಿಗೆ ಜಾಸ್ಮಿನ್ ಎಂಬ ಜೊತೆಗಾತಿ. ಆದರೂ ಮೊದಲ ಕಂತುಗಳ ಹೊತ್ತಿಗೇ ನಿರಾಸೆಯ ಮಾತು ಶುರುವಾಯಿತು. ಮತ್ತೆ ನೋಡಿದಾಗ ನನಗೂ ಅವರ ಮಾತೇ ಸರಿ ಅನ್ನಿಸಿತು. ಎಲ್ಲರೂ ಅವಸರದಲ್ಲಿದ್ದಾರೆ. ಮಾಯಾಳ ವಾಕ್ಯ ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ ಕ್ಯಾಮೆರಾ ಸೊಸೆಯ ಮುಖಕ್ಕೆ ಓಡುತ್ತದೆ. ಇಂದ್ರವದನನ ಕುಚೋದ್ಯಕ್ಕೆ ಹೊಂಚುವ ವ್ಯವಧಾನ ಇಲ್ಲ. ಟೀವಿಯಲ್ಲಿ ಆಡಲಾಗದ ಒರಟು ಮಾತನ್ನು ವೆಬ್‌ನಲ್ಲಿ ಆಡಬಹುದೆಂಬ ಸಲಿಗೆಯೂ ಅಲ್ಲಲ್ಲಿ ಕಾಣುತ್ತದೆ. ಮಾಯಾಳ ಮನೆಯಲ್ಲಿ ಒರಟು ಮಾತಿಗೆ ಜಾಗವೇ ಇರಲಿಲ್ಲ, ಮೂಲದ ಹಾಸ್ಯವೆಲ್ಲ ಆ ಕಟ್ಟುಪಾಡಿನಿಂದ ಹುಟ್ಟಿತ್ತು. ಆ ಕಟ್ಟು ಸಡಿಲಿಸಿದಾಗ ಅವಳು ಕೆಣಕಿದರೆ ಕೆರಳುವ ಯಾವುದೋ ಒಬ್ಬ ಅತ್ತೆಯಾಗುತ್ತಾಳೆ. ನಟರು ಅವರೇ ಆಗಿದ್ದೂ ‘ಇದು ಅದಲ್ಲ’ ಎಂದು ಜನರಿಗೆ ಅನ್ನಿಸಿದ್ದಕ್ಕೆ ಇಂಥ ಖಚಿತ ಕಾರಣ ಇತ್ತು. ಅದನ್ನು ಹೆಸರಿಟ್ಟು ತೋರಿಸುವುದು ವಿಮರ್ಶೆ ಮಾಡಬೇಕಿದ್ದ ಕೆಲಸ.

ಇದೇ ಕಾಯಿಲೆಯ ಇನ್ನೊಂದು ರೂಪ ಅಮೆರಿಕದ ‘ಅರೆಸ್ಟೆಡ್ ಡೆವಲಪ್‌ಮೆಂಟ್’. ಫಾಕ್ಸ್ ವಾಹಿನಿ ಅದನ್ನು ಮೂರು ಸೀಸನ್‌ಗಳ ಬಳಿಕ 2006ರಲ್ಲಿ ಕೈಬಿಟ್ಟಿತು. ಡಿವಿಡಿಗಳಲ್ಲಿ ಅದನ್ನು ಉಜ್ಜಿ ಉಜ್ಜಿ ನೋಡಿದ ಅಭಿಮಾನಿಗಳ ಒತ್ತಾಸೆಯಿಂದ 2013ರ ಮೇ 26ರಂದು ನೆಟ್‌ಫ್ಲಿಕ್ಸ್ 15 ಹೊಸ ಕಂತುಗಳನ್ನು ಒಟ್ಟಿಗೆ ತೆರೆಯಿತು. ಅಷ್ಟು ಹೊತ್ತಿಗೆ ನಟರೆಲ್ಲ ಬೇಡಿಕೆಯಲ್ಲಿದ್ದರು, ಎಲ್ಲರನ್ನೂ ಒಂದೇ ದಿನ ಒಂದೇ ಸೆಟ್ಟಿಗೆ ಕರೆತರುವುದು ಆಗಲಿಲ್ಲ. ಅದಕ್ಕೆ ಒಂದೊಂದು ಕಂತನ್ನು ಒಂದೊಂದು ಪಾತ್ರಕ್ಕೆ ಮೀಸಲಿಟ್ಟು ಕಥೆಯನ್ನು ಹೆಣೆದರು. ಹೆಣಿಗೆ ಜಾಣತನದ್ದೇ, ಒಂದು ಕಂತಿನಲ್ಲಿ ಅರ್ಥವಾಗದ ದೃಶ್ಯ ಐದು ಕಂತಿನ ಬಳಿಕ ಇನ್ನೊಬ್ಬರ ಕಡೆಯಿಂದ ಅರ್ಥವಾಗುತ್ತದೆ. ಆದರೆ ಕಥೆಯ ಕೇಂದ್ರದಲ್ಲಿರುವ ಬ್ಲೂತ್ ಕುಟುಂಬದ ಹಾಸ್ಯ ಒಂದೇ ಕೋಣೆಯಲ್ಲಿ ಏಳೆಂಟು ಜನ ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಬಾಯಿ ಹಾಕುವುದರಲ್ಲಿ ಇತ್ತು. ಆ ಕೋಣೆಯೇ ಇಲ್ಲದ ಮೇಲೆ ಉಳಿದದ್ದು ಒಗಟು ಬಿಡಿಸುವ ಸುಖ ಮಾತ್ರ. ಅಭಿಮಾನಿಗಳು ಅಸಮಾಧಾನಗೊಂಡರು. ಸೃಷ್ಟಿಕರ್ತ ಮಿಚೆಲ್ ಹರ್ವಿಟ್ಜ್ ಅದನ್ನು ಮನಸ್ಸಿಗೆ ತೆಗೆದುಕೊಂಡು 2018ರಲ್ಲಿ ಆ 15 ಕಂತುಗಳನ್ನು ಕತ್ತರಿಸಿ ಜೋಡಿಸಿ, ಘಟನೆಗಳು ನಡೆದ ಕ್ರಮದಲ್ಲಿ 22 ಕಂತು ಮಾಡಿದರು. ಅಭಿಮಾನಿಗಳಿಗಾಗಿ ಇಷ್ಟು ದುಡಿದ ಲೇಖಕರು ಬಹಳ ಇಲ್ಲ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕೆಲಸ ತಪ್ಪು ಜಾಗಕ್ಕೆ ಹಾಕಿದ ಹೊಲಿಗೆ. ದೂರು ಕಥೆಯ ಕ್ರಮದ ಬಗ್ಗೆ ಇದ್ದಂತೆ ಕಂಡಿತು, ಕ್ರಮ ಸರಿಮಾಡಿದರು. ಒಂಟಿ ಒಂಟಿಯಾಗಿ ಚಿತ್ರೀಕರಿಸಿದ ಮಾತುಗಳನ್ನು ಹತ್ತಿರ ತಂದರೂ ಅವು ಒಂದಕ್ಕೊಂದು ಉತ್ತರವಾಗಲಿಲ್ಲ.

ಮರಳಿಕೆಗಳಲ್ಲಿ ನಾನು ಹೆಚ್ಚು ಹೊತ್ತು ನಿಂತು ಯೋಚಿಸಿದ್ದು ‘ಫ್ರೇಸಿಯರ್’ ಮುಂದೆ. 1993ರಿಂದ 2004ರವರೆಗೆ 11 ಸೀಸನ್, 264 ಕಂತು, 37 ಎಮ್ಮಿ ಪ್ರಶಸ್ತಿ. ಫ್ರೇಸಿಯರ್ ಕ್ರೇನ್ ಸಿಯಾಟಲ್‌ನಲ್ಲಿ ರೇಡಿಯೋ ಮೂಲಕ ಕೇಳುಗರಿಗೆ ಸಲಹೆ ಕೊಡುವ ಮನೋವೈದ್ಯ. ತಮ್ಮ ನೈಲ್ಸ್ ಕೂಡ ಮನೋವೈದ್ಯ. ಇಬ್ಬರಿಗೂ ಒಪೆರಾ, ವೈನ್, ಒಳ್ಳೆಯ ಸೂಟುಗಳ ಹುಚ್ಚು. ಅಪ್ಪ ಮಾರ್ಟಿನ್ ಸೊಂಟಕ್ಕೆ ಗುಂಡೇಟು ತಿಂದು ನಿವೃತ್ತನಾದ ಪೊಲೀಸ್. ಮೊದಲ ಕಂತಿನಲ್ಲೇ ಆ ಅಪ್ಪ ಮಗನ ಮನೆಗೆ ತನ್ನ ಆರಾಮಕುರ್ಚಿಯ ಸಮೇತ ಬರುತ್ತಾನೆ. ಅಲ್ಲಲ್ಲಿ ಹರಿದು ಟೇಪು ಅಂಟಿಸಿಕೊಂಡ ಕುರ್ಚಿ ಅದು. ಅದನ್ನು ಇಡುವುದು ಕೊಕೊ ಶನೆಲ್‌ಳ ಪ್ಯಾರಿಸ್ ಕೋಣೆಯಲ್ಲಿದ್ದ ಸೋಫಾದ ತದ್ರೂಪು ಎಂದು ಮಗ ಹೆಮ್ಮೆಪಡುವ ಸೋಫಾದ ಎದುರು. ಹನ್ನೊಂದು ವರ್ಷ ಆ ಎರಡು ಆಸನಗಳು ಒಂದೇ ಹಜಾರದಲ್ಲಿ ಇದ್ದವು. ಧಾರಾವಾಹಿಗೆ ಬೇಕಾದ ಜಗಳವೆಲ್ಲ ಅವುಗಳ ನಡುವಿನ ನಾಲ್ಕು ಅಡಿ ನೆಲದಲ್ಲೇ ಸಿಕ್ಕಿತು.

ಅದರ ಲಯ ಎಂಥದೆಂದು ತಿಳಿಯಬೇಕಾದರೆ 1999ರ ಫೆಬ್ರವರಿಯ ‘ತ್ರೀ ವ್ಯಾಲೆಂಟೈನ್ಸ್’ ಎಂಬ ಕಂತಿನ ಮೊದಲ ಭಾಗ ನೋಡಬೇಕು. ನೈಲ್ಸ್ ಅಣ್ಣನ ಮನೆಯಲ್ಲಿ ಒಬ್ಬನೇ, ಗೆಳತಿಗಾಗಿ ಊಟ ಸಿದ್ಧಮಾಡಿ ಕಾಯುತ್ತಿದ್ದಾನೆ. ಜೊತೆಗೆ ಅಪ್ಪನ ನಾಯಿ ಎಡ್ಡಿ. ಪ್ಯಾಂಟಿನ ಇಸ್ತ್ರಿ ಗೆರೆ ನೇರವಾಗಿಲ್ಲ ಅನ್ನಿಸುತ್ತದೆ. ಇಸ್ತ್ರಿ ಪೆಟ್ಟಿಗೆ ತೆಗೆಯುತ್ತಾನೆ. ಅಷ್ಟರಲ್ಲಿ ಒಂದು ಬಿಡಿ ದಾರ ಕಣ್ಣಿಗೆ ಬೀಳುತ್ತದೆ. ಕತ್ತರಿ ತರುತ್ತಾನೆ, ಬೆರಳು ಕೊಯ್ಯುತ್ತದೆ, ರಕ್ತ ಕಂಡು ಮೂರ್ಛೆ ಹೋಗುತ್ತಾನೆ, ಎದ್ದು ಮತ್ತೆ ನೋಡಿ ಮತ್ತೆ ಬೀಳುತ್ತಾನೆ. ಅತ್ತ ಇಸ್ತ್ರಿ ಪೆಟ್ಟಿಗೆಯಡಿ ಬಟ್ಟೆ ಹೊಗೆಯಾಡುತ್ತದೆ, ಕೊನೆಗೆ ಬೆಂಕಿ. ಕೆಲವು ನಿಮಿಷಗಳ ಈ ಭಾಗದಲ್ಲಿ ಮಾತು ಇಲ್ಲವೇ ಇಲ್ಲ ಎನ್ನಬಹುದು. ನೈಲ್ಸ್ ಪಾತ್ರದ ಡೇವಿಡ್ ಹೈಡ್ ಪಿಯರ್ಸ್ ಒಂದು ಚಲನೆಯನ್ನೂ ಅವಸರದಲ್ಲಿ ಮಾಡುವುದಿಲ್ಲ. ಅನಾಹುತ ದೊಡ್ಡದಾದಂತೆ ಅವರ ಶಿಸ್ತೂ ಹೆಚ್ಚಾಗುತ್ತದೆ. ಎದುರು ಕೂತ ಸ್ಟುಡಿಯೋ ಪ್ರೇಕ್ಷಕರ ನಗೆ ಒಂದು ಅಲೆಯಿಂದ ಇನ್ನೊಂದಕ್ಕೆ ಏರುವುದು ನಮಗೆ ಕೇಳುತ್ತದೆ. ಮಾತಿನ ಶ್ರೀಮಂತಿಕೆಗೆ ಹೆಸರಾದ ಧಾರಾವಾಹಿಯೊಂದು ಮಾತನ್ನೇ ಬಿಟ್ಟು ಇಷ್ಟು ನಗಿಸಲು ಸಾಧ್ಯವಾದದ್ದು ಅದರ ಬೇರು ಲಯದಲ್ಲಿ ಇದ್ದದ್ದರಿಂದ.

ಹೊಸ ‘ಫ್ರೇಸಿಯರ್’ ಪ್ಯಾರಾಮೌಂಟ್ ಪ್ಲಸ್‌ನಲ್ಲಿ 2023ರ ಅಕ್ಟೋಬರ್ 12ರಂದು ಬಂತು. ಫ್ರೇಸಿಯರ್ ಆಗಿ ಕೆಲ್ಸಿ ಗ್ರಾಮರ್ ಇದ್ದಾರೆ. ಮಾರ್ಟಿನ್ ಪಾತ್ರದ ಜಾನ್ ಮಹೋನಿ 2018ರಲ್ಲಿ ತೀರಿಹೋಗಿದ್ದರು. ನೈಲ್ಸ್ ಆಗಿ ಮರಳಲು ಪಿಯರ್ಸ್ ಒಪ್ಪಲಿಲ್ಲ, ನೈಲ್ಸ್ ಹೆಂಡತಿ ಡ್ಯಾಫ್ನಿ ಆಗಿದ್ದ ಜೇನ್ ಲೀವ್ಸ್ ಕೂಡ ಬರಲಿಲ್ಲ. ಕಥೆ ಬಾಸ್ಟನ್ನಿಗೆ ಸಾಗಿತು. ಈಗ ಫ್ರೇಸಿಯರ್ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಾನೆ. ಅದೇ ಹಾರ್ವರ್ಡ್ ಬಿಟ್ಟು ಬೆಂಕಿ ಆರಿಸುವ ಕೆಲಸಕ್ಕೆ ಸೇರಿದ ಮಗ ಫ್ರೆಡಿಯ ಜೊತೆ ಇರುತ್ತಾನೆ. ಹಳೆಯ ಅಪ್ಪ ಮಗನ ಜಾಗ ಅದಲುಬದಲಾಗಿದೆ. ಮೊದಲ ಎರಡು ಕಂತುಗಳನ್ನು ಸಿಟ್‌ಕಾಮ್ ನಿರ್ದೇಶನದ ಹಿರಿಯ ಜೇಮ್ಸ್ ಬರೋಸ್ ಮಾಡಿದ್ದಾರೆ. ಸ್ಟುಡಿಯೋ ಪ್ರೇಕ್ಷಕರೂ ಇದ್ದಾರೆ. ಕಾಗದದ ಮೇಲೆ ಎಲ್ಲ ಸರಿ.

ಅಭಿಮಾನಿಗಳ ದೂರು ಬಹುಪಾಲು ಒಂದೇ ಹೆಸರಿನಲ್ಲಿ ಬಂತು: ನೈಲ್ಸ್ ಇಲ್ಲ. ಇದನ್ನು ಕೇವಲ ಒಬ್ಬ ನಟನ ಮೇಲಿನ ಮೋಹವೆಂದು ಓದಿದವರು ದೂರನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮೂಲದಲ್ಲಿ ಫ್ರೇಸಿಯರ್‌ನ ಬಡಾಯಿ ಸಹ್ಯವಾಗಿದ್ದದ್ದು ಅದೇ ಭಾಷೆಯಲ್ಲಿ, ಅದೇ ವೇಗದಲ್ಲಿ, ಇನ್ನೂ ನಯವಾಗಿ ಬಡಾಯಿ ಕೊಚ್ಚುವ ತಮ್ಮನಿದ್ದ ಕಾರಣ. ಅಣ್ಣ ತಮ್ಮ ಇಬ್ಬರೂ ಸೇರಿ ಒಂದು ಸಣ್ಣ ವಿಷಯವನ್ನು ಆಕಾಶಕ್ಕೆ ಏರಿಸುತ್ತಿದ್ದರು, ಅಪ್ಪ ಕುರ್ಚಿಯಿಂದ ಒಂದೇ ಮಾತಿನಲ್ಲಿ ಅದನ್ನು ನೆಲಕ್ಕಿಳಿಸುತ್ತಿದ್ದ. ಹೊಸದರಲ್ಲಿ ನೆಲಕ್ಕಿಳಿಸುವವರು ಬೇಕಾದಷ್ಟು ಜನ: ಮಗ, ಮಗನ ಮನೆಯ ಗೆಳತಿ ಈವ್, ವಿಭಾಗದ ಮುಖ್ಯಸ್ಥೆ ಒಲಿವಿಯಾ. ಜೊತೆಗೂಡಿ ಮೇಲೆ ಏರಿಸುವವರು ಯಾರೂ ಇಲ್ಲ. ನೈಲ್ಸ್‌ನ ಮಗ ಡೇವಿಡ್‌ನನ್ನು ಆ ಜಾಗಕ್ಕೆ ತಂದರು. ಪಾಪ, ಅವನಿಗೆ ಅಪ್ಪನ ಸೊಟ್ಟ ನಡವಳಿಕೆಗಳನ್ನು ಕೊಟ್ಟರೇ ಹೊರತು ಅಪ್ಪನ ನಾಲಿಗೆ ಕೊಡಲಿಲ್ಲ. ಒಂಟಿಯಾದ ಫ್ರೇಸಿಯರ್ ಕಳೆದ ಸದ್ದನ್ನು ತುಂಬಿಸಲು ದನಿ ಏರಿಸುತ್ತಾನೆ. ಮೊದಲ ಸೀಸನ್ ಉದ್ದಕ್ಕೂ ಗ್ರಾಮರ್ ಒಂದು ಪಟ್ಟು ಹೆಚ್ಚೇ ಜೋರಾಗಿ ಮಾತಾಡುತ್ತಾರೆ. ಅಭಿಮಾನಿಗಳು ‘ನೈಲ್ಸ್ ಇಲ್ಲ’ ಎಂದಾಗ ಕಥನದ ರಚನೆಯಲ್ಲಿ ಬಿದ್ದ ಒಂದು ನಿಜವಾದ ಬಿರುಕನ್ನು ಪಾತ್ರದ ಹೆಸರು ಹೇಳಿ ತೋರಿಸುತ್ತಿದ್ದರು.

ಹಾಗೆಂದು ಆ ಮರಳಿಕೆಯನ್ನು ಪೂರ್ತಿ ತಳ್ಳಿಹಾಕಲಾರೆ. ಮೊದಲ ಕಂತು ಮಾರ್ಟಿನ್‌ನ ಅಂತ್ಯಕ್ರಿಯೆ ಮುಗಿದ ಮೇಲಿನ ಕಥೆ. ಅಲ್ಲಿ ಅಪ್ಪನನ್ನು ಕಳೆದುಕೊಂಡ ಮಗ ತನ್ನ ಮಗನ ಎದುರು ಸುಮ್ಮನಾಗುವ ಕ್ಷಣಗಳಿವೆ, ಅವು ಸಾಚಾ. ಎಲ್ಲರೂ ಸೇರುವ ಬಾರ್‌ಗೆ ‘ಮಹೋನೀಸ್’ ಎಂದು ಹೆಸರಿಟ್ಟದ್ದು ನಟನಿಗೆ ಸಲ್ಲಿಸಿದ ನಮನ. ಹೊಸದಾಗಿ ಬಂದ ಅಲನ್ ಎಂಬ ಸೋಮಾರಿ, ಕುಡುಕ ಪ್ರೊಫೆಸರ್ ಪಾತ್ರದಲ್ಲಿ ನಿಕೋಲಸ್ ಲಿಂಡ್‌ಹರ್ಸ್ಟ್ ಬಾಯಿ ತೆರೆದಾಗಲೆಲ್ಲ ಕಿವಿ ನಿಮಿರುತ್ತದೆ. ಅವರಿಗೆ ಕಾಯುವುದು ಗೊತ್ತು. ಗ್ರಾಮರ್ ಏರುದನಿಯಲ್ಲಿ ಮುಗಿಸಿದ ಮಾತಿಗೆ ಅರ್ಧ ಉಸಿರು ತಡಮಾಡಿ, ಗ್ಲಾಸಿನತ್ತ ನೋಡಿಕೊಂಡೇ ಉತ್ತರ ಕೊಡುತ್ತಾರೆ. ಅವರಿಬ್ಬರೇ ಇರುವ ದೃಶ್ಯಗಳಲ್ಲಿ ಹಳೆಯ ಲಯದ ವಾಸನೆ ಬರುತ್ತದೆ. ಎರಡನೆಯ ಸೀಸನ್‌ನಲ್ಲಿ ಪೆರಿ ಗಿಲ್ಪಿನ್ ನಟಿಸಿದ, ಹಳೆಯ ರೇಡಿಯೋ ದಿನಗಳ ಸಹೋದ್ಯೋಗಿ ರಾಝ್ ಹೆಚ್ಚು ಸಲ ಬಂದದ್ದರಿಂದ ಇಡೀ ಧಾರಾವಾಹಿ ಉಸಿರಾಡಲು ಕಲಿಯಿತು. ಅಷ್ಟರಲ್ಲಿ 2025ರ ಜನವರಿಯಲ್ಲಿ ಪ್ಯಾರಾಮೌಂಟ್ ಪ್ಲಸ್ ಅದನ್ನು ನಿಲ್ಲಿಸಿತು. ಎರಡೇ ಸೀಸನ್, 20 ಕಂತು. ಹೊಸ ಬಳಗಕ್ಕೆ ಒಬ್ಬರ ಉಸಿರು ಇನ್ನೊಬ್ಬರಿಗೆ ತಿಳಿಯಲು ಸಮಯ ಬೇಕು. ಹಳೆಯ ಕಾಲದ ವಾಹಿನಿಗಳು ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತು ಮಾಡಿಸಿ ಆ ಸಮಯ ಕೊಡುತ್ತಿದ್ದವು. ಈಗಿನ ಹತ್ತು ಕಂತಿನ ಸೀಸನ್‌ಗಳಲ್ಲಿ ಅದು ಕೈಗೆ ಬರುವಷ್ಟರಲ್ಲಿ ಸೀಸನ್ನೇ ಮುಗಿದಿರುತ್ತದೆ.

ಇನ್ನು ಕಥೆಯ ವಿಷಯ. ಇಲ್ಲಿ ಅಭಿಮಾನಿಗಳು ಕೇಳುವುದೊಂದು, ಮನಸಾರೆ ಒಪ್ಪುವುದು ಇನ್ನೊಂದು. ಲಿಂಡ್‌ಹರ್ಸ್ಟ್ ಬ್ರಿಟನ್ನಿನಲ್ಲಿ ಮನೆಮಾತಾದದ್ದು ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ನ ರಾಡ್ನಿಯಾಗಿ. ಲಂಡನ್ನಿನ ಬಡಾವಣೆಯಲ್ಲಿ ಸಂತೆ ವ್ಯಾಪಾರ ಮಾಡಿಕೊಂಡು ‘ಮುಂದಿನ ವರ್ಷ ಇಷ್ಟು ಹೊತ್ತಿಗೆ ಕೋಟ್ಯಧೀಶರಾಗಿರ್ತೀವಿ’ ಎಂಬ ನಂಬಿಕೆಯಲ್ಲಿ ಬದುಕುವ ಅಣ್ಣತಮ್ಮಂದಿರ ಕಥೆ. 1996ರ ಡಿಸೆಂಬರ್‌ನಲ್ಲಿ ಬಂದ ಕಂತಿನಲ್ಲಿ ಗ್ಯಾರೇಜಿನ ಹಳೆಯ ಸಾಮಾನಿನ ನಡುವೆ ಸಿಕ್ಕ ಗಡಿಯಾರ ಹರಾಜಿನಲ್ಲಿ 62 ಲಕ್ಷ ಪೌಂಡಿಗೆ ಹೋಗುತ್ತದೆ. ಆ ರಾತ್ರಿ ಸುಮಾರು 2 ಕೋಟಿ 43 ಲಕ್ಷ ಜನ ನೋಡಿದರು. ಅಲ್ಲಿಗೆ ಕಥೆ ತುಂಬಿತ್ತು. ಆದರೆ ಜನರಿಗೆ ಇನ್ನೂ ಬೇಕಿತ್ತು. 2001ರ ಕ್ರಿಸ್‌ಮಸ್‌ಗೆ ಲೇಖಕ ಜಾನ್ ಸಲಿವನ್ ಆ ಅಣ್ಣತಮ್ಮಂದಿರನ್ನು ಮರಳಿ ತಂದರು. ತರುವುದಕ್ಕೆ ಆ ಹಣವೆಲ್ಲ ಕಳೆಯಲೇಬೇಕಾಯಿತು, ಏಕೆಂದರೆ ಸಿರಿವಂತರಾದ ಅಣ್ಣತಮ್ಮಂದಿರಲ್ಲಿ ಹಾಸ್ಯವಿಲ್ಲ. ‘ಅಂಕಲ್’ ಆಲ್ಬರ್ಟ್ ಆಗಿದ್ದ ಬಸ್ಟರ್ ಮೆರಿಫೀಲ್ಡ್ 1999ರಲ್ಲೇ ಹೋಗಿದ್ದರು. ಕೇಳಿ ಪಡೆದದ್ದನ್ನು ನೋಡಿದ ಮೇಲೆ ಬಹಳಷ್ಟು ಅಭಿಮಾನಿಗಳು 1996ಕ್ಕೇ ಧಾರಾವಾಹಿ ಮುಗಿಯಿತೆಂದು ಲೆಕ್ಕ ಹಿಡಿಯುತ್ತಾರೆ.

ಇದಕ್ಕೆ ತದ್ವಿರುದ್ಧವಾಗಿ, ಕಥೆಗೆ ದೊಡ್ಡ ಅನ್ಯಾಯವಾದರೂ ಅವರು ಕ್ಷಮಿಸಿದ ಉದಾಹರಣೆಗಳಿವೆ. ‘ರೋಸಾನ್’ 1997ರಲ್ಲಿ ಮುಗಿದಾಗ ಗಂಡ ಡ್ಯಾನ್ ಹೃದಯಾಘಾತದಿಂದ ಸತ್ತಿದ್ದ ಎಂದು ತಿಳಿಯುತ್ತದೆ. 2018ರ ಮಾರ್ಚ್‌ನಲ್ಲಿ ಅದು ಮರಳಿದಾಗ ಡ್ಯಾನ್ ಹಾಸಿಗೆಯಲ್ಲಿ ಆರಾಮಾಗಿ ಮಲಗಿದ್ದಾನೆ, ಒಂದು ತಮಾಷೆಯ ಮಾತಿನಲ್ಲಿ ಸಾವು ಅಳಿಸಿಹೋಗುತ್ತದೆ. ‘ವಿಲ್ ಅಂಡ್ ಗ್ರೇಸ್’ 2006ರ ಕೊನೆಯ ಕಂತಿನಲ್ಲಿ ತೋರಿಸಿದ್ದ ಮಕ್ಕಳನ್ನು 2017ರಲ್ಲಿ ಇಲ್ಲವಾಗಿಸಿತು. ಸತ್ತವನು ಎದ್ದುಬಂದ, ಹುಟ್ಟಿದವರು ಮಾಯವಾದರು, ಆದರೂ ನೋಡುವವರಿಗೆ ಅದು ಅಡ್ಡಿಯಾಗಲಿಲ್ಲ. ರೋಸಾನ್‌ನ ಮೊದಲ ರಾತ್ರಿ ಸುಮಾರು 1 ಕೋಟಿ 80 ಲಕ್ಷ ಅಮೆರಿಕನ್ನರು ಕೂತು ನೋಡಿದರು. ಡ್ಯಾನ್ ಪಾತ್ರದ ಜಾನ್ ಗುಡ್‌ಮನ್ ಮತ್ತು ರೋಸಾನ್‌ಳ ತಂಗಿಯ ಪಾತ್ರದ ಲಾರಿ ಮೆಟ್‌ಕಾಫ್ ಅಡುಗೆಮನೆಯ ಮೇಜಿಗೆ ಕೂತು ಮಾತಿಗಿಳಿದ ಕೂಡಲೇ ಆ ಮನೆಯ ಸದ್ದು ಸರಿಯಾಗಿ ಕೇಳಿತ್ತು. ಎರಡೇ ತಿಂಗಳಲ್ಲಿ ರೋಸಾನ್ ಬಾರ್ ಮಾಡಿದ ಒಂದು ಜನಾಂಗೀಯ ಟ್ವೀಟ್‌ನಿಂದ ಎಬಿಸಿ ವಾಹಿನಿ ಧಾರಾವಾಹಿಯನ್ನೇ ರದ್ದು ಮಾಡಿತು. ಅದೇ ಅಕ್ಟೋಬರ್‌ನಲ್ಲಿ ಉಳಿದವರೆಲ್ಲ ‘ದ ಕಾನರ್ಸ್’ ಎಂಬ ಹೆಸರಿನಲ್ಲಿ ಬಂದರು, ನೋವಿನ ಮಾತ್ರೆಗಳಿಂದ ರೋಸಾನ್ ಸತ್ತಳೆಂದು ಕಥೆ ಮುಂದುವರಿಯಿತು. ಹೆಸರಿಗೆ ಕಾರಣಳಾದವಳೇ ಇಲ್ಲದ ಆ ಧಾರಾವಾಹಿ 2025ರವರೆಗೆ ಏಳು ಸೀಸನ್ ನಡೆಯಿತು. ಇದರಷ್ಟು ಬಾಳಿದ ಮರಳಿಕೆ ಇನ್ನೊಂದು ಹುಡುಕುವುದು ಕಷ್ಟ. ಕಥೆಯ ಸುಸಂಬದ್ಧತೆಯೇ ಅಭಿಮಾನಿಗಳಿಗೆ ದೇವರು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಜೇಮ್ಸ್ ಕಾರ್ಡನ್ ಮತ್ತು ರೂತ್ ಜೋನ್ಸ್ ಬರೆದ ‘ಗ್ಯಾವಿನ್ ಅಂಡ್ ಸ್ಟೇಸಿ’ಯ ದಾರಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. 2010ಕ್ಕೆ ಮುಗಿದ ಆ ಧಾರಾವಾಹಿ 2019ರ ಕ್ರಿಸ್‌ಮಸ್‌ಗೆ ಒಂದೇ ಒಂದು ಕಂತಾಗಿ ಬಂತು. ಕೊನೆಯಲ್ಲಿ ಸ್ಟೇಸಿಯ ಗೆಳತಿ ನೆಸ್ಸಾ ಮಂಡಿಯೂರಿ ಗ್ಯಾವಿನ್‌ನ ಗೆಳೆಯ ಸ್ಮಿತಿಗೆ ‘ಮದುವೆ ಆಗ್ತೀಯಾ’ ಎಂದು ಕೇಳುತ್ತಾಳೆ, ಉತ್ತರ ಬರುವ ಮೊದಲೇ ಪರದೆ ಕಪ್ಪಾಗುತ್ತದೆ. ಉತ್ತರಕ್ಕೆ ಜನ ಐದು ವರ್ಷ ಕಾದರು. 2024ರ ಕ್ರಿಸ್‌ಮಸ್ ರಾತ್ರಿ ಕೊನೆಯ ಕಂತನ್ನು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಬೇಡಿಕೆ ಎಷ್ಟೇ ಇದ್ದರೂ ಆ ಇಬ್ಬರು ಲೇಖಕರು ಸೀಸನ್ ಹಿಂದೆ ಸೀಸನ್ ಬರೆಯಲು ಹೋಗಲಿಲ್ಲ. ತಮ್ಮ ಪಾತ್ರಗಳು ಹೇಗೆ ಮಾತಾಡುತ್ತವೆಂಬುದು ತಮ್ಮ ಕಿವಿಗೇ ಮತ್ತೆ ಕೇಳುವವರೆಗೆ ಕಾದರು. ಇಡೀ ಬಳಗ ಒಂದೇ ಕೋಣೆಯಲ್ಲಿ ಸೇರಿ ಗಲಗಲ ಮಾತಾಡುವ ದೃಶ್ಯಗಳನ್ನು ಎರಡೂ ಸಲ ಬಿಡದೆ ಬರೆದರು.

ಕನ್ನಡದಲ್ಲಿ ಈ ಪ್ರಶ್ನೆ ಎದುರಾದದ್ದು ‘ಪಾಪ ಪಾಂಡು’ ಮರಳಿದಾಗ. ಸಿಹಿಕಹಿ ಚಂದ್ರು ನಿರ್ದೇಶಿಸಿದ ಈ ಧಾರಾವಾಹಿ ಈಟೀವಿ ಕನ್ನಡದಲ್ಲಿ ಬರುತ್ತಿದ್ದಾಗ ರಾತ್ರಿ ಊಟದ ಹೊತ್ತಿನ ಮಾತೇ ಅದರ ಸುತ್ತ ಇರುತ್ತಿದ್ದ ಮನೆಗಳು ಬಹಳ. ಚಂದ್ರು ಅವರ ಹೆಸರಿಗೆ ಅಂಟಿದ ‘ಸಿಹಿಕಹಿ’ ಕೂಡ ದೂರದರ್ಶನದ ಒಂದು ಧಾರಾವಾಹಿಯ ಹೆಸರು. ಕನ್ನಡದ ಕಿರುತೆರೆ ಹಾಸ್ಯದ ಚರಿತ್ರೆ ಹೀಗೆ ಒಬ್ಬ ನಟನ ಹೆಸರಿನಲ್ಲೇ ಉಳಿದಿದೆ. 2018ರಲ್ಲಿ ಪಾಂಡು ಮರಳುವ ಹೊತ್ತಿಗೆ ಈಟೀವಿ ಕನ್ನಡ ಎಂಬ ವಾಹಿನಿಯೇ ಇರಲಿಲ್ಲ, ಅದು 2015ರಲ್ಲಿ ಕಲರ್ಸ್ ಕನ್ನಡವಾಗಿತ್ತು. ಹೊಸ ಪಾಂಡು ಬಂದದ್ದು ಅದರ ತಂಗಿ ವಾಹಿನಿ ಕಲರ್ಸ್ ಸೂಪರ್‌ನಲ್ಲಿ. ಪಾಂಡು ಪಾತ್ರದ ಚಿದಾನಂದ್, ಹೆಂಡತಿ ಶ್ರೀಮತಿಯ ಪಾತ್ರದ ಶಾಲಿನಿ ಇಬ್ಬರೂ ಮರಳಿದರು. ಅವರಿಬ್ಬರ ಜುಗಲ್‌ಬಂದಿಯಲ್ಲಿ ಏನೂ ಮುಕ್ಕಾಗಿರಲಿಲ್ಲ ಎಂದೇ ನನ್ನ ಎಣಿಕೆ. ಶ್ರೀಮತಿಯ ಏರುದನಿ, ಪಾಂಡು ಅದಕ್ಕೆ ಪಕ್ಕಕ್ಕೆ ತಿರುಗಿ ತನಗೆ ತಾನೇ ಹೇಳಿಕೊಳ್ಳುವ ತಗ್ಗುದನಿಯ ಉತ್ತರ: ಈ ಎರಡು ಶ್ರುತಿಗಳ ಅಂತರದಲ್ಲೇ ಆ ಧಾರಾವಾಹಿ ನಡೆಯುತ್ತಿತ್ತು, ಅದು ಹಾಗೇ ಇತ್ತು. ತೊಂದರೆ ಸುತ್ತಲಿನ ಬರವಣಿಗೆಯದು. ವಾರಕ್ಕೊಂದು ಕಂತು ಬರೆಯುವವರೇ ಹತ್ತರಲ್ಲಿ ಸುಸ್ತಾಗುವಾಗ, ದಿನಕ್ಕೊಂದು ಕಂತು ಕೊಡಬೇಕಾದ ನಮ್ಮ ಲೇಖಕರಿಗೆ ಒಂದು ಸನ್ನಿವೇಶವನ್ನು ಮಾಗಲು ಬಿಡುವ ಪುರುಸೊತ್ತು ಎಲ್ಲಿಂದ ಬರಬೇಕು? ಅದರಿಂದ ಇಬ್ಬರು ಒಳ್ಳೆಯ ನಟರು ಬಡ ಸನ್ನಿವೇಶಗಳನ್ನು ಲಯದ ಬಲದಿಂದಲೇ ಎತ್ತಿ ಹಿಡಿಯಬೇಕಾಯಿತು. ನೋಡುಗರು ನಟರನ್ನು ಹೊಗಳಿ ಧಾರಾವಾಹಿಯ ಬಗ್ಗೆ ಸುಮ್ಮನಾದದ್ದನ್ನು ನಾನು ಗಮನಿಸಿದ್ದೇನೆ. ಅದೂ ಒಂದು ವಿಮರ್ಶೆಯೇ, ಬಹಳ ನಿಖರವಾದದ್ದು.

ನನಗೆ ಬೇಸರ ತರುವ ಸಂಗತಿ ಎಂದರೆ ಇಂಥ ತೀರ್ಪುಗಳು ನಮ್ಮಲ್ಲಿ ಬಾಯಿಮಾತಾಗಿಯೇ ಕಳೆದುಹೋಗುತ್ತವೆ. ಕನ್ನಡದಲ್ಲಿ ನಾಟಕಕ್ಕೆ, ಸಿನಿಮಾಕ್ಕೆ ವಿಮರ್ಶೆಯ ಪರಂಪರೆ ಇದೆ. ದಿನವೂ ಲಕ್ಷಾಂತರ ಮನೆಗಳ ಒಳಕ್ಕೆ ಬರುವ ಹಾಸ್ಯ ಧಾರಾವಾಹಿಯ ಒಂದು ಕಂತನ್ನು ಎದುರಿಗಿಟ್ಟುಕೊಂಡು, ಈ ಮಾತು ಇಲ್ಲಿ ಯಾಕೆ ನಗಿಸಿತು, ಆ ಮಾತು ಯಾಕೆ ಬಿದ್ದುಹೋಯಿತು ಎಂದು ಬರೆದವರು ಬೆರಳೆಣಿಕೆಯಷ್ಟು. ಶಾಲಿನಿ ಅವರ ಟೈಮಿಂಗ್ ಬಗ್ಗೆ, ಅದು ರಂಗಭೂಮಿಯ ಯಾವ ಶೈಲಿಗೆ ಹತ್ತಿರ ಎಂಬ ಬಗ್ಗೆ ಒಂದು ಗಂಭೀರ ಲೇಖನಕ್ಕೆ ಬೇಕಾದ ಸಾಮಗ್ರಿ ಖಂಡಿತ ಇದೆ.

ಸಾವು ಬಂದಾಗ ಅಭಿಮಾನಿಗಳ ಕಿವಿ ಇನ್ನಷ್ಟು ಸ್ಪಷ್ಟವಾಗಿ ಮಾತಾಡುತ್ತದೆ. 2025ರ ಅಕ್ಟೋಬರ್‌ನಲ್ಲಿ ಸತೀಶ್ ಶಾ ತೀರಿಕೊಂಡರು. ಅಲ್ಲಿಯವರೆಗೂ ‘ಸಾರಾಭಾಯ್’ ಇನ್ನೊಮ್ಮೆ ಬರಲಿ ಎಂಬ ಕೂಗು ಅಲ್ಲಲ್ಲಿ ಇತ್ತು. ಇಂದ್ರವದನನಿಲ್ಲದ ಮೂರನೆಯ ಅವತಾರ ನನಗಂತೂ ಬೇಡ. ಮಾಯಾ ಇದ್ದಾಳೆ, ಮೋನಿಷಾ ಇದ್ದಾಳೆ, ಕಥೆ ಬರೆಯಲು ಅಡ್ಡಿಯಿಲ್ಲ. ಆದರೆ ಮಾಯಾಳ ಉದ್ದನೆಯ ವಾಕ್ಯ ಮುಗಿದ ಮೇಲಿನ ಆ ಕ್ಷಣ ಯಾರದು?

ಜಾನ್ ಕ್ಲೀಸ್ ತಮ್ಮ ‘ಫಾಲ್ಟಿ ಟವರ್ಸ್’ ಅನ್ನು ಮರಳಿ ತರುವ ಯೋಜನೆಯನ್ನು 2023ರ ಫೆಬ್ರವರಿಯಲ್ಲಿ ಪ್ರಕಟಿಸಿದಾಗ ಅಭಿಮಾನಿಗಳಲ್ಲಿ ಬಹಳ ಜನ ಅಪರೂಪಕ್ಕೆ ಸುದ್ದಿ ಬಂದ ದಿನವೇ ‘ಬೇಡ’ ಎಂದರು. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತುಗಳ ಆ ಧಾರಾವಾಹಿಯಲ್ಲಿ ಬೇಸಿಲ್ ಎಂಬ ಸಿಡುಕ ಹೋಟೆಲ್ ಮಾಲೀಕ ಕಟ್ಟುವ ಒಂದು ಸಣ್ಣ ಸುಳ್ಳು ಅರ್ಧ ಗಂಟೆಯಲ್ಲಿ ಇಡೀ ಹೋಟೆಲನ್ನು ಕೆಡವುತ್ತದೆ, ಒಂದು ಮಾತನ್ನೂ ಆಚೀಚೆ ಸರಿಸಲಾಗದಷ್ಟು ಬಿಗಿಯಾಗಿ. ವೇಟರ್ ಮ್ಯಾನ್ಯುಯೆಲ್ ಆಗಿದ್ದ ಆಂಡ್ರ್ಯೂ ಸ್ಯಾಕ್ಸ್ 2016ರಲ್ಲಿ ನಿಧನರಾಗಿದ್ದರು. ಹೊಸ ಕಥೆ ಕೆರಿಬಿಯನ್ ದ್ವೀಪವೊಂದರ ಹೋಟೆಲಿನಲ್ಲಿ ನಡೆಯಲಿದೆ, ಬರೆಯುವವರು ಕ್ಲೀಸ್ ಮತ್ತು ಅವರ ಮಗಳು ಕಮಿಲಾ ಎಂದು ಸುದ್ದಿ ಬಂತು. ಆ ಹನ್ನೆರಡು ಕಂತುಗಳನ್ನೂ ಕ್ಲೀಸ್ ಜೊತೆ ಕೂತು ಬರೆದವರು ಕಾನಿ ಬೂತ್. ಬೇಸಿಲ್‌ನ ಸಿಟ್ಟಿಗೆ ಹೆಂಡತಿ ಸಿಬಿಲ್ ಕೊಡುವ ಉತ್ತರಗಳಲ್ಲಿ, ಪರಿಚಾರಿಕೆ ಪಾಲಿಯ ಸಮಾಧಾನದಲ್ಲಿ ಅವರ ಪಾಲು ಎಷ್ಟೆಂದು ಕಂತುಗಳನ್ನು ಕೇಳಿದ ಯಾರಿಗಾದರೂ ಗೊತ್ತು. ಹೊಸ ಪ್ರಕಟಣೆಯಲ್ಲಿ ಅವರ ಹೆಸರು ಇರಲಿಲ್ಲ.